ಶೆಮಾ ಯಿಸ್ರಾಯೇಲ್: ಆರು ಪದಗಳ ಪಠಣವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

"ನಾನು ನೋಡಿಕೊಳ್ಳುವ ಅಜ್ಜ ಮಲಗುವ ಮುನ್ನ ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಒಂದು ಸಾಲು ಹೇಳುತ್ತಾರೆ. ಅದೇನು?" ಇಸ್ರೇಲ್‌ನಲ್ಲಿ ವಯಸ್ಸಾದವರ ಆರೈಕೆಯ ಕೆಲಸದಲ್ಲಿರುವ ನಮ್ಮ ಕರಾವಳಿಯ ಓದುಗರು ಹೀಗೆ ಕೇಳುತ್ತಾರೆ. ಸತ್ಯವೇದ ಓದುವವರ ಪ್ರಶ್ನೆ ಬೇರೆ: "ದೇವರು ಒಬ್ಬನೇ ಎನ್ನುವುದಕ್ಕೆ ಯಹೂದಿಗಳು ಇಷ್ಟೊಂದು ಮಹತ್ವ ಕೊಡುವುದೇಕೆ?" ಇನ್ನು ಕೆಲವರು "ಇದು ನಮ್ಮ ಅದ್ವೈತವೇ ತಾನೇ?" ಎಂದು ಕೇಳಿ, ಉತ್ತರವನ್ನೂ ತಾವೇ ಹೇಳಿಕೊಂಡಿರುತ್ತಾರೆ.

ಮೂವರೂ ಕೇಳುತ್ತಿರುವುದು ಶೆಮಾದ ಬಗ್ಗೆ. ಯಹೂದಿ ಮಕ್ಕಳು ಮೊದಲು ಕಲಿಯುವ, ಮುದುಕರು ಕೊನೆಯುಸಿರಿನಲ್ಲಿ ಹೇಳಬಯಸುವ ಸಾಲು ಅದು. ಅದನ್ನು ಕನ್ನಡದ ಮೂಲಕವೇ ಹೆಜ್ಜೆಹೆಜ್ಜೆಯಾಗಿ ಅರ್ಥ ಮಾಡಿಕೊಳ್ಳಲು ಈ ಬರಹ. ಹೀಬ್ರೂ ಬರಬೇಕಿಲ್ಲ. ಕೆಲವು ಕಡೆ ಕನ್ನಡ ಬಲ್ಲವರಿಗೆ ಈ ಪಠಣ ಇತರರಿಗಿಂತ ಸುಲಭವಾಗಿ ದಕ್ಕುತ್ತದೆ. ಅಂಥ ಜಾಗಗಳನ್ನು ತೋರಿಸಬೇಕೆಂಬ ಆಸೆಯೂ ನನಗಿದೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಕನ್ನಡ ಸತ್ಯವೇದ ಸಾಕು. ಹಳೆಯ ಒಡಂಬಡಿಕೆಯಲ್ಲಿ ಮೂರು ಕಡೆ ಕಾಗದದ ಚೂರು ಇಟ್ಟುಕೊಳ್ಳಿ: ಧರ್ಮೋಪದೇಶಕಾಂಡ 6:4–9, ಧರ್ಮೋಪದೇಶಕಾಂಡ 11:13–21, ಅರಣ್ಯಕಾಂಡ 15:37–41. ಪೂರ್ತಿ ಶೆಮಾ ಎಂದರೆ ಈ ಮೂರು ಭಾಗಗಳು ಸೇರಿದ್ದು. ಜನ ಶೆಮಾ ಎಂದು ಗುರುತಿಸುವ ಆರು ಪದಗಳು ಅದರ ಮೊದಲ ಸಾಲು ಮಾತ್ರ.

ಮುಂದೆ ಬರುವ ಕೆಲವು ಪದಗಳು: ತೋರಾ ಎಂದರೆ ಮೋಶೆಯ ಐದು ಗ್ರಂಥಗಳು. ಮಿಷ್ನಾ ಎಂದರೆ ಕ್ರಿ.ಶ. 200ರ ಸುಮಾರಿಗೆ ಕ್ರೋಡೀಕರಿಸಿದ ಯಹೂದಿ ವಿಧಿನಿಯಮಗಳ ಸಂಗ್ರಹ. ಅದರ ಮೇಲೆ ಶತಮಾನಗಳ ಕಾಲ ನಡೆದ ಚರ್ಚೆಯೇ ತಾಲ್ಮುದ್. ಸಿದ್ದೂರ್ ಎಂದರೆ ನಿತ್ಯದ ಪ್ರಾರ್ಥನಾ ಪುಸ್ತಕ. ಸಿನಗಾಗ್ ಎಂದರೆ ಅವರು ಕೂಡಿ ಪ್ರಾರ್ಥಿಸುವ ಮಂದಿರ.

1. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಗುರುತಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರಾರ್ಥನೆ ಎಂದ ಕೂಡಲೇ ಭಕ್ತ ದೇವರೊಡನೆ ಮಾತಾಡುತ್ತಿದ್ದಾನೆ ಎಂದುಕೊಳ್ಳುತ್ತೇವೆ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ತೆರೆದು ನೋಡಿ. ಮಾತಾಡುತ್ತಿರುವವನು ಮೋಶೆ. ಕೇಳುತ್ತಿರುವವರು ಈಜಿಪ್ಟಿನ ದಾಸ್ಯದಿಂದ ಹೊರಬಂದು, ನಲವತ್ತು ವರ್ಷ ಅಲೆದು, ಯೊರ್ದನ್ ಹೊಳೆಯ ಈಚೆ ದಡದಲ್ಲಿ ನಿಂತ ಜನ. ದೇವರನ್ನು ಏನೂ ಬೇಡಿಲ್ಲ, ಹೊಗಳಿಕೆಯೂ ಇಲ್ಲ. ಒಬ್ಬ ಮುದುಕ ತನ್ನ ಜನಕ್ಕೆ ಹೇಳುತ್ತಿರುವ ಮಾತು ಇದು.

ಯಹೂದಿಗಳು ಇದನ್ನು 'ಕ್ರಿಯತ್ ಶೆಮಾ' ಅಂದರೆ 'ಶೆಮಾ ಪಠಣ' ಎನ್ನುತ್ತಾರೆ. ಬೇಡಿಕೆಗಳಿರುವ ಪ್ರಾರ್ಥನೆ ಬೇರೆಯೇ ಇದೆ. ಅದಕ್ಕೆ ಅಮಿದಾ ಎಂದು ಹೆಸರು, ಅದನ್ನು ನಿಂತುಕೊಂಡು ಹೇಳುತ್ತಾರೆ. ಶೆಮಾ ಹೇಳುವ ಯಹೂದಿ ದಿನಕ್ಕೆರಡು ಬಾರಿ ತನ್ನ ಬಾಯಿಂದಲೇ ಮೋಶೆಯ ಮಾತನ್ನು ತನ್ನ ಕಿವಿಗೆ ಹಾಕಿಕೊಳ್ಳುತ್ತಾನೆ. ಹೇಳುವವನೂ ಅವನೇ, ಕೇಳುವವನೂ ಅವನೇ.

2. ಆರು ಪದಗಳನ್ನು ಗಟ್ಟಿಯಾಗಿ ಓದಿ

ಶೆಮಾ ಯಿಸ್ರಾಯೇಲ್, ಅದೊನಾಯ್ ಎಲೊಹೇನು, ಅದೊನಾಯ್ ಎಖಾದ್.

ಶೆಮಾ: ಕೇಳು. 
ಯಿಸ್ರಾಯೇಲ್: ಇಸ್ರಾಯೇಲೇ. 
ಅದೊನಾಯ್: 'ನನ್ನೊಡೆಯ'. ಬರೆಯುವುದು ಬೇರೆ ಹೆಸರು, ಅದನ್ನು ಆಮೇಲೆ ನೋಡೋಣ. 
ಎಲೊಹೇನು: ನಮ್ಮ ದೇವರು. 
ಅದೊನಾಯ್: ಮತ್ತೆ ಅದೇ. 
ಎಖಾದ್: ಒಬ್ಬ, ಒಂದು.

'ಶೆಮಾ'ದ ಕೊನೆಯಲ್ಲಿ ಗಂಟಲಿನಿಂದ ಬರುವ ಒಂದು ಅಕ್ಷರವಿದೆ, ಅದರ ಹೆಸರು ಆಯಿನ್. ಇಂದು ಬಹಳ ಜನ ಅದನ್ನು ಉಚ್ಚರಿಸದೆ ಬಿಡುತ್ತಾರೆ. 'ಎಖಾದ್' ಪದದ 'ಖ' ನಮ್ಮ ಖರ್ಜೂರದ ಖ ಅಲ್ಲ, ಗಂಟಲು ಉಜ್ಜಿಕೊಂಡು ಬರುವ ಸದ್ದು. ಕೊನೆಯ 'ದ್' ಅನ್ನು ನುಂಗಬೇಡಿ. 'ಎಖಾದ್' ಪದವನ್ನು ಎಳೆದು ಹೇಳಿದವರ ಆಯುಷ್ಯ ಹೆಚ್ಚುತ್ತದೆ ಎಂದು ತಾಲ್ಮುದ್ ಹೇಳುತ್ತದೆ. ಎಳೆಯಬೇಕಾದದ್ದು ಕೊನೆಯ ಅಕ್ಷರವನ್ನು ಎಂದೂ ಅಲ್ಲೇ ವಿವರಣೆಯಿದೆ.

ಆ ಕೊನೆಯ ಅಕ್ಷರವನ್ನು ಹತ್ತಿರದಿಂದ ನೋಡಿ. ಕೈಬರಹದ ತೋರಾ ಸುರುಳಿಯಲ್ಲಿ ಈ ಸಾಲಿನ ಎರಡು ಅಕ್ಷರಗಳು ಉಳಿದವುಗಳಿಗಿಂತ ದೊಡ್ಡದಾಗಿರುತ್ತವೆ: ಮೊದಲ ಪದದ ಕೊನೆಯ ಆಯಿನ್, ಕೊನೆಯ ಪದದ ಕೊನೆಯ ದಾಲೆತ್. ದಾಲೆತ್ ಅಕ್ಷರದ ಬಲಮೂಲೆ ಚೂಪಾಗಿರುತ್ತದೆ. ಅದೇ ಮೂಲೆ ಉರುಟಾದರೆ ರೇಶ್ ಎಂಬ ಬೇರೆ ಅಕ್ಷರವಾಗುತ್ತದೆ, 'ಎಖಾದ್' ಹೋಗಿ 'ಅಖೇರ್' ಎಂದು ಓದುವಂತಾಗುತ್ತದೆ. ಅಖೇರ್ ಎಂದರೆ 'ಬೇರೊಬ್ಬ'. ಒಂದು ಮೂಲೆ ಸವೆದರೆ 'ಒಬ್ಬನೇ ದೇವರು' ಎಂಬುದು 'ಬೇರೊಬ್ಬ ದೇವರು' ಎಂದಾಗಿಬಿಡುತ್ತದೆ. ದೊಡ್ಡದಾಗಿ ಬರೆಯುವುದಕ್ಕೆ ಹೇಳುವ ಕಾರಣಗಳಲ್ಲಿ ಇದೂ ಒಂದು. ಇನ್ನೊಂದು ವಿವರಣೆ: ಆ ಎರಡು ಅಕ್ಷರ ಸೇರಿದರೆ 'ಏದ್' ಆಗುತ್ತದೆ, ಅಂದರೆ ಸಾಕ್ಷಿ. ಈ ಸಾಲು ಹೇಳುವವನು ಸಾಕ್ಷಿ ನುಡಿಯುತ್ತಿದ್ದಾನೆ.

3. 'ಕೇಳು' ಎಂಬಲ್ಲಿ ನಿಲ್ಲಿ

ಇಲ್ಲಿ ಕನ್ನಡದವರು ಪುಣ್ಯವಂತರು. ಹೀಬ್ರೂವಿನ 'ಶಮಾ' ಧಾತುವಿಗೆ ಕಿವಿಯಿಂದ ಕೇಳು, ತಿಳಿದುಕೋ, ಹೇಳಿದಂತೆ ನಡೆ ಎಂಬ ಅರ್ಥಗಳಿವೆ. ಅನೇಕ ಭಾಷೆಗಳಲ್ಲಿ ಇಷ್ಟನ್ನೂ ಒಂದೇ ಪದದಲ್ಲಿ ಹಿಡಿಯಲಾಗದೆ ಅನುವಾದಕರು ಅಡಿಟಿಪ್ಪಣಿ ಹಾಕುತ್ತಾರೆ. ನಮಗೆ ಅದು ಬೇಕಿಲ್ಲ. 'ಸದ್ದು ಕೇಳಿತು' ಎನ್ನುತ್ತೇವೆ, 'ಈ ಹುಡುಗ ಅಪ್ಪನ ಮಾತು ಕೇಳುವುದಿಲ್ಲ' ಎಂದೂ ಹೇಳುತ್ತೇವೆ. ಆ ಹುಡುಗನ ಕಿವಿ ಚೆನ್ನಾಗಿಯೇ ಇದೆ, ಹೇಳಿದಂತೆ ನಡೆಯುವುದಿಲ್ಲ ಅಷ್ಟೆ. ಶೆಮಾದ ಕೇಳುವಿಕೆ ಆ ಎರಡನೆಯದು.

ಎಚ್ಚರಿಕೆ: ಕನ್ನಡದ 'ಕೇಳು' ಪದಕ್ಕೆ 'ಬೇಡು' ಎಂಬ ಅರ್ಥವೂ ಇದೆ. ಅದನ್ನು ಇಲ್ಲಿ ತರಬೇಡಿ.

ಇನ್ನೊಂದು ಸಂಗತಿ. 'ಶೆಮಾ' ಏಕವಚನದ ಕ್ರಿಯಾಪದ. ಇಡೀ ಜನಾಂಗವನ್ನು 'ನೀನು' ಎಂದು ಕರೆದಿದೆ. ನಿಮ್ಮ ಕೈಯಲ್ಲಿರುವ ಅನುವಾದದಲ್ಲಿ 'ಕೇಳಿರಿ' ಎಂದಿದ್ದರೆ ಅದು ಕನ್ನಡದ ವಾಡಿಕೆಗಾಗಿ ಮಾಡಿದ ಬದಲಾವಣೆ. ಮೊದಲ ಭಾಗ ಮುಗಿಯುವವರೆಗೂ ಮೂಲದಲ್ಲಿ 'ನೀನು' ಎಂದೇ ಇದೆ. ಎರಡನೆಯ ಭಾಗಕ್ಕೆ ಬಂದಾಗ ಮಾತು ಹೆಚ್ಚಾಗಿ 'ನೀವು' ಎಂದು ಸಾಗುತ್ತದೆ. ಅದು ಗೌರವದ ಬಹುವಚನವಲ್ಲ, ಹಲವರು ಎಂದೇ ಅರ್ಥ. ಓದುವಾಗ ಪೆನ್ಸಿಲಿನಿಂದ ಗುರುತು ಹಾಕಿಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

4. ಹೆಸರಿನ ವಿಷಯದಲ್ಲಿ ಜಾಗ್ರತೆ

ಕನ್ನಡ ಸತ್ಯವೇದದಲ್ಲಿ 'ಯೆಹೋವ' ಎಂದಿರುವಲ್ಲಿ ಹೀಬ್ರೂ ಮೂಲದಲ್ಲಿ ನಾಲ್ಕು ವ್ಯಂಜನಗಳ ಒಂದು ಹೆಸರಿದೆ. ಯಹೂದಿಗಳು ಅದನ್ನು ಬರೆದಂತೆ ಉಚ್ಚರಿಸುವುದಿಲ್ಲ. ಪಠಿಸುವಾಗ 'ಅದೊನಾಯ್' ಎನ್ನುತ್ತಾರೆ, ದಿನನಿತ್ಯದ ಮಾತಿನಲ್ಲಿ 'ಹಶೇಮ್' ಎನ್ನುತ್ತಾರೆ. ಹಶೇಮ್ ಎಂದರೆ 'ಆ ಹೆಸರು' ಎಂದಷ್ಟೇ ಅರ್ಥ. ಹಿರಿಯರ ಹೆಸರು ಹಿಡಿದು ಕರೆಯದ ಮನೆಗಳಲ್ಲಿ ಬೆಳೆದ ನಮಗೆ ಈ ಸಂಕೋಚ ಬೇಗ ಅರ್ಥವಾದೀತು.

ಅವರ ಮನೆಯಲ್ಲಿದ್ದಾಗ ನಿಮಗೆ ಬಾಯಿಪಾಠವಿರುವ 'ಯೆಹೋವ' ಪದವನ್ನು ಅವರ ಎದುರು ಬಳಸಬೇಡಿ. 'ಹಶೇಮ್' ಎಂದರೆ ಯಾರಿಗೂ ನೋವಾಗದು.

'ಎಲೊಹೇನು' ಬಗ್ಗೆ ಒಂದು ವಾದ ಆಗಾಗ ಕೇಳಿಬರುತ್ತದೆ: ಇದರ ಮೂಲರೂಪ 'ಎಲೊಹೀಮ್' ಬಹುವಚನ, ಆದ್ದರಿಂದ ದೇವರಲ್ಲಿ ಹಲವರಿದ್ದಾರೆ ಎಂದು. ಕನ್ನಡದ 'ದೇವರು' ಪದವನ್ನೇ ಗಮನಿಸಿ. ರೂಪದಲ್ಲಿ ಅದೂ 'ರು' ಹಚ್ಚಿದ ಬಹುವಚನವೇ. ಆದರೂ 'ದೇವರು ಕೊಡುತ್ತಾನೆ' ಎನ್ನುವಾಗ ನಮ್ಮ ಮನಸ್ಸಿನಲ್ಲಿ ಹಲವರಿರುವುದಿಲ್ಲ. ಹೀಬ್ರೂವಿನಲ್ಲಿಯೂ ಇಸ್ರಾಯೇಲಿನ ದೇವರನ್ನು ಹೇಳುವಾಗ ಎಲೊಹೀಮ್ ಪದದ ಜೊತೆ ಸಾಮಾನ್ಯವಾಗಿ ಏಕವಚನದ ಕ್ರಿಯಾಪದವೇ ಬರುತ್ತದೆ.

5. 'ಎಖಾದ್': ಒಬ್ಬನೇ, ಒಂದೇ, ಮಾತ್ರ

ಇದು ನಿಧಾನವಾಗಿ ದಾಟಬೇಕಾದ ಹೆಜ್ಜೆ. ಕೊನೆಯ ನಾಲ್ಕು ಪದಗಳಲ್ಲಿ ಕ್ರಿಯಾಪದವಿಲ್ಲ. ಹೀಬ್ರೂವಿನ ವಾಡಿಕೆ ಅದು. ನಮ್ಮದೂ ಅದೇ ತಾನೇ? 'ಅವನು ನನ್ನ ತಮ್ಮ' ಎಂದರೆ ವಾಕ್ಯ ಮುಗಿಯಿತು. ಹಾಗಾಗಿ ಆ ನಾಲ್ಕು ಪದಗಳನ್ನು ಹೀಗೂ ಓದಬಹುದು: 'ಅದೊನಾಯ್ ನಮ್ಮ ದೇವರು, ಅದೊನಾಯ್ ಒಬ್ಬ.' ಹೀಗೂ ಓದಬಹುದು: 'ನಮ್ಮ ದೇವರಾದ ಅದೊನಾಯ್ ಒಬ್ಬನೇ.' ಇನ್ನೊಂದು ಓದು: 'ಅದೊನಾಯ್ ನಮ್ಮ ದೇವರು, ಅದೊನಾಯ್ ಮಾತ್ರ.' ಮೂರೂ ವ್ಯಾಕರಣಕ್ಕೆ ಒಪ್ಪುತ್ತವೆ, ಅರ್ಥ ಒಂದೇ ಅಲ್ಲ.

ಮೂರನೆಯದು ನಿಷ್ಠೆಯ ಮಾತು. ಬೇರೆ ಜನಕ್ಕೆ ಬೇರೆ ದೇವತೆಗಳಿರಬಹುದು, ನಾವು ಪೂಜಿಸುವುದು ಇವನೊಬ್ಬನನ್ನು ಮಾತ್ರ. ಸುತ್ತಲೂ ಬಾಳ್ ಎಂಬ ದೇವತೆಯ ಗುಡಿಗಳಿದ್ದ ಕಾಲದಲ್ಲಿ ಜನ ಮೊದಲು ಹಾಗೆ ಕೇಳಿಸಿಕೊಂಡಿರಬೇಕು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಮೊದಲ ಎರಡು ಓದುಗಳಲ್ಲಿ ಮಾತು ದೇವರ ಸ್ವರೂಪದ ಕಡೆಗೆ ಹೊರಳುತ್ತದೆ: ಅವನು ಒಬ್ಬ, ಅವನಂಥ ಇನ್ನೊಬ್ಬ ಇಲ್ಲ.

ಈಜಿಪ್ಟಿನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ನ್ಯಾಶ್ ಪಪೈರಸ್ ಎಂಬ ಹಾಳೆ ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಕ್ರಿ.ಪೂ. ಎರಡನೆಯ ಶತಮಾನದ್ದೆಂದು ಸಾಮಾನ್ಯವಾಗಿ ಹೇಳಲಾಗುವ ಅದರಲ್ಲಿ ದಶಾಜ್ಞೆಗಳ ಬೆನ್ನಿಗೇ ಈ ಸಾಲು ಬರುತ್ತದೆ. ಕೊನೆಯಲ್ಲಿ 'ಹೂ', ಅಂದರೆ 'ಅವನು' ಎಂಬ ಒಂದು ಪದ ಹೆಚ್ಚಿದೆ. 'ಅದೊನಾಯ್, ಒಬ್ಬನೇ ಅವನು.' ಅಷ್ಟು ಹಿಂದೆಯೇ ಯಾರೋ ಈ ಸಾಲನ್ನು ಸ್ಪಷ್ಟಗೊಳಿಸಲು ಹೊರಟಿದ್ದರು ಎಂದು ನನಗೆ ಅನಿಸುತ್ತದೆ.

ಮುಂದಿನ ವ್ಯಾಖ್ಯಾನಕಾರರಲ್ಲಿ ಇಬ್ಬರನ್ನು ತಿಳಿದುಕೊಂಡರೆ ಸಾಕು. 11ನೇ ಶತಮಾನದ ಫ್ರಾನ್ಸಿನ ರಾಶಿ ಈ ಸಾಲನ್ನು ಕಾಲದಲ್ಲಿ ಹರಡಿ ಓದಿದರು: ಈಗ 'ನಮ್ಮ' ದೇವರಾಗಿರುವ ಅದೊನಾಯ್ ಮುಂದೊಂದು ದಿನ ಎಲ್ಲ ಜನರ ಪಾಲಿಗೂ ಒಬ್ಬನೇ ಆಗುತ್ತಾನೆ. ಅಂದರೆ ಇದರಲ್ಲಿ ಇನ್ನೂ ಈಡೇರದ ಒಂದು ನಿರೀಕ್ಷೆಯಿದೆ. 12ನೇ ಶತಮಾನದ ಮೈಮೊನಿಡೀಸ್ ತತ್ತ್ವಜ್ಞಾನಿ, ವೈದ್ಯ. ಅವರ ಪ್ರಕಾರ ದೇವರ ಒಂದುತನ ನಾವು ಎಣಿಸುವ ಒಂದು ಅಲ್ಲ. ಒಂದು ಮಾವಿನ ಹಣ್ಣನ್ನು ಹೋಳು ಮಾಡಬಹುದು, ಒಂದು ಹಿಂಡಿನಲ್ಲಿ ಹಲವು ಕುರಿಗಳಿರಬಹುದು. (ಉದಾಹರಣೆಗಳು ನನ್ನವು, ವಾದ ಅವರದು.) ದೇವರು ಭಾಗಗಳಾಗದ, ಗುಂಪಿಗೆ ಸೇರದ ಒಂದು.

ಇನ್ನು ಎರಡು ಎಡವುಗಲ್ಲುಗಳು. ಮೊದಲನೆಯದು ಅದ್ವೈತ. 'ಒಂದೇ' ಎಂಬ ಪದ ಕಂಡ ಕೂಡಲೇ ಜೀವ, ಜಗತ್ತು, ಬ್ರಹ್ಮ ಎಲ್ಲ ಒಂದೇ ಎಂದು ಓದಬೇಡಿ. ತೋರಾದ ಮಟ್ಟಿಗೆ ಸೃಷ್ಟಿಸಿದವನು ಬೇರೆ, ಸೃಷ್ಟಿ ಬೇರೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿದ್ದೇನಲ್ಲ. 18ನೇ ಶತಮಾನದಲ್ಲಿ ಪೂರ್ವ ಯೂರೋಪಿನಲ್ಲಿ ಹುಟ್ಟಿದ ಹಸಿದಿ ಭಕ್ತಿಪಂಥದ ಗುರುಗಳು 'ಅವನ ಹೊರತು ಬೇರೇನೂ ಇಲ್ಲ' ಎಂಬಷ್ಟು ದೂರ ಈ ಸಾಲನ್ನು ಕೊಂಡೊಯ್ದರು. ಅದು ಒಂದು ಧಾರೆಯ ಓದು, ಎಲ್ಲ ಯಹೂದಿಗಳದಲ್ಲ.

ಎರಡನೆಯದು ನಮ್ಮಲ್ಲಿ ಎಲ್ಲರ ನಾಲಿಗೆಯ ಮೇಲಿರುವ 'ದೇವನೊಬ್ಬ ನಾಮ ಹಲವು' ಎಂಬ ಮಾತು. ಎಷ್ಟು ದೊಡ್ಡ ಮಾತಾದರೂ ಶೆಮಾದ ಅರ್ಥವಾಗಿ ಅದನ್ನು ಇಡಬೇಡಿ. ಶೆಮಾದಲ್ಲಿ ಒಂದೇ ಹೆಸರು ಎರಡು ಬಾರಿ ಬರುತ್ತದೆ. ಅದರ ಒತ್ತು ಆ ಹೆಸರಿನವನೊಡನೆ ತಮಗಿರುವ ಒಡಂಬಡಿಕೆಯ ಮೇಲೆ.

ಅನುವಾದ ಮಾಡಲು ಹೊರಟವರಿಗೆ ಒಂದು ಕಿವಿಮಾತು. 'ಒಬ್ಬನೇ' ಎಂದರೆ ಕನ್ನಡದಲ್ಲಿ 'ಒಂಟಿ' ಎಂದೂ ಆಗುತ್ತದೆ, 'ಮನೆಯಲ್ಲಿ ಅವನೊಬ್ಬನೇ ಇದ್ದಾನೆ' ಎನ್ನುವಂತೆ. 'ಒಂದೇ' ಎಂದರೆ ದೇವರು ವಸ್ತುವಿನಂತೆ ಕೇಳಿಸುತ್ತದೆ. ನಾನು 'ನಮ್ಮ ದೇವರು ಅದೊನಾಯ್, ಅದೊನಾಯ್ ಒಬ್ಬನೇ' ಎಂದು ಬರೆದುಕೊಳ್ಳುತ್ತೇನೆ. ಆ 'ಏ'ಕಾರದಲ್ಲಿ 'ಮಾತ್ರ'ವೂ ಇದೆ, 'ಒಬ್ಬ'ನೂ ಇದ್ದಾನೆ.

6. ಪಿಸುಮಾತಿನ ಸಾಲು

ಮೊದಲ ಸಾಲನ್ನು ಗಟ್ಟಿಯಾಗಿ ಹೇಳಿದವರು ಒಮ್ಮೆಲೇ ದನಿ ತಗ್ಗಿಸಿ ಇನ್ನೂ ಆರು ಪದ ಹೇಳುತ್ತಾರೆ: ಬಾರೂಖ್ ಶೇಮ್ ಕೆವೋದ್ ಮಲ್ಖುತೋ ಲೆಓಲಾಮ್ ವಾಎದ್. 'ಅವನ ಘನ ರಾಜ್ಯದ ಹೆಸರು ಎಂದೆಂದಿಗೂ ಸ್ತುತಿ ಹೊಂದಲಿ' ಎಂಬರ್ಥ. ಸತ್ಯವೇದದಲ್ಲಿ ಇದನ್ನು ಹುಡುಕಬೇಡಿ, ಆ ಜಾಗದಲ್ಲಿ ಸಿಗುವುದಿಲ್ಲ. ಜೆರೂಸಲೇಮಿನ ದೇವಾಲಯದಲ್ಲಿ ದೇವರ ಹೆಸರು ಕೇಳಿದ ಜನ ಹೇಳುತ್ತಿದ್ದ ಪ್ರತ್ಯುತ್ತರ ಅದು.

ಪಿಸುಗುಡುವುದೇಕೆ ಎಂಬುದಕ್ಕೆ ತಾಲ್ಮುದಿನಲ್ಲಿ ಒಂದು ಕಥೆಯಿದೆ. ಈ ಜನಾಂಗದ ಮೂಲಪುರುಷನಾದ ಯಾಕೋಬನಿಗೆ ದೇವರು ಕೊಟ್ಟ ಇನ್ನೊಂದು ಹೆಸರು ಇಸ್ರಾಯೇಲ್. ಸಾವಿನ ಹಾಸಿಗೆಯಲ್ಲಿ ಅವನು ತನ್ನ ಹನ್ನೆರಡು ಮಕ್ಕಳನ್ನು ನೋಡಿ, ಇವರಲ್ಲಿ ಯಾರಾದರೂ ದಾರಿ ತಪ್ಪಿಯಾರೇ ಎಂದು ಆತಂಕಪಟ್ಟ. ಮಕ್ಕಳು ಹೇಳಿದರು: "ಕೇಳು ಇಸ್ರಾಯೇಲೇ, ನಮ್ಮ ದೇವರು ಅದೊನಾಯ್, ಅದೊನಾಯ್ ಒಬ್ಬನೇ." ಅವರು ಅಪ್ಪನನ್ನು ಕರೆದು ಹೇಳುತ್ತಿದ್ದರು. ಆಗ ಆ ಮುದುಕ ಆಡಿದ ಮಾತೇ ಈ ಎರಡನೆಯ ಸಾಲು. ಮೋಶೆ ಇದನ್ನು ಹೇಳಲಿಲ್ಲ, ಯಾಕೋಬ ಹೇಳಿದ. ಬಿಡುವಂತಿಲ್ಲ, ಗಟ್ಟಿಯಾಗಿ ಹೇಳುವಂತೆಯೂ ಇಲ್ಲ. ಹಾಗಾಗಿ ಪಿಸುದನಿ. ವರ್ಷಕ್ಕೊಮ್ಮೆ, ಯೊಮ್ ಕಿಪ್ಪುರ್ ಎಂಬ ಉಪವಾಸದ ದಿನ, ಇದನ್ನೂ ಗಟ್ಟಿಯಾಗಿ ಹೇಳುತ್ತಾರೆ.

7. ಮೊದಲ ಭಾಗ: 'ಒಬ್ಬನೇ' ಆದ ಮೇಲೆ 'ಪ್ರೀತಿಸು'

ಆರು ಪದ ಓದಿ ಪುಸ್ತಕ ಮುಚ್ಚುವುದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ನನಗನಿಸುತ್ತದೆ. ಐದನೆಯ ವಚನ ನೋಡಿ. ದೇವರು ಒಬ್ಬನೇ ಎಂದ ಬೆನ್ನಿಗೇ 'ನೀನು ಅವನನ್ನು ಪ್ರೀತಿಸಬೇಕು' ಎಂದಿದೆ. ದೇವರು ಇದ್ದಾನೆಯೇ, ಹೇಗಿದ್ದಾನೆ ಎಂಬ ಜಿಜ್ಞಾಸೆಗೆ ಮಾತು ತಿರುಗುವುದಿಲ್ಲ. ಹತ್ತು ಕಡೆ ಹಂಚಿಹೋಗದ ಪ್ರೀತಿಗೆ ಒಬ್ಬನೇ ದೇವರು ಎಂಬುದು ಈ ಎರಡು ವಚನಗಳ ನಡುವಿನ ಕೊಂಡಿ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಆಜ್ಞೆ ಯಾವುದು ಎಂದು ಕೇಳಿದಾಗ ಯೇಸುವೂ ಈ ಎರಡು ವಚನಗಳನ್ನು ಸೇರಿಸಿಯೇ ಹೇಳುತ್ತಾನೆ.

ಪ್ರೀತಿಸಬೇಕಾದದ್ದು ಮೂರರಿಂದ. 'ಪೂರ್ಣ ಹೃದಯದಿಂದ': ಹೀಬ್ರೂವಿನಲ್ಲಿ ಹೃದಯ ಎಂದರೆ ಯೋಚಿಸುವ ಜಾಗವೂ ಹೌದು. ಮಿಷ್ನಾ ಇದನ್ನು 'ಒಳ್ಳೆಯ ಒಲವು, ಕೆಟ್ಟ ಒಲವು ಎರಡರಿಂದಲೂ' ಎಂದು ವಿವರಿಸುತ್ತದೆ. 'ಪೂರ್ಣ ಪ್ರಾಣದಿಂದ': ಅವನು ನಿನ್ನ ಪ್ರಾಣವನ್ನೇ ತೆಗೆದುಕೊಂಡರೂ. ಎರಡನೆಯ ಶತಮಾನದಲ್ಲಿ ರೋಮನ್ನರು ರಬ್ಬಿ ಅಕಿವಾ ಎಂಬ ಗುರುವಿನ ಮೈಯನ್ನು ಕಬ್ಬಿಣದ ಬಾಚಣಿಗೆಗಳಿಂದ ಹರಿದು ಕೊಂದಾಗ ಅದು ಶೆಮಾದ ಹೊತ್ತಾಗಿತ್ತು, 'ಎಖಾದ್' ಪದವನ್ನು ಎಳೆಯುತ್ತಲೇ ಅವರ ಉಸಿರು ನಿಂತಿತು ಎಂದು ತಾಲ್ಮುದ್ ಹೇಳುತ್ತದೆ. ಮೂರನೆಯದು 'ಮೆಓದ್'. ಸಾಮಾನ್ಯವಾಗಿ 'ಶಕ್ತಿ' ಎಂದು ಅನುವಾದಿಸುತ್ತಾರೆ. ಮೂಲದಲ್ಲಿ ಅದು 'ಬಹಳ' ಎಂಬ ಪದ. 'ನಿನ್ನಲ್ಲಿ ಬಹಳವಾಗಿ ಇರುವುದೆಲ್ಲದರಿಂದ' ಎಂದು ಬಿಡಿಸಬಹುದು. ಮಿಷ್ನಾ ಇಲ್ಲಿ ನೇರವಾಗಿ 'ನಿನ್ನ ಹಣದಿಂದ' ಎನ್ನುತ್ತದೆ.

ಆರನೆಯ ವಚನದಿಂದ ಮನೆಯೊಳಗಿನ ಮಾತು ಶುರು. ಮಕ್ಕಳಿಗೆ ಕಲಿಸು ಎನ್ನುವಲ್ಲಿ ಬಳಸಿರುವ ಕ್ರಿಯಾಪದಕ್ಕೆ 'ಹರಿತ ಮಾಡು' ಎಂಬ ಅರ್ಥವಿದೆ, ಕತ್ತಿಗೆ ಸಾಣೆ ಹಿಡಿದಂತೆ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಈ ಮಾತುಗಳು ಬಾಯಲ್ಲಿರಲಿ ಎಂದು ಅಪ್ಪಣೆ.

ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಕೊಂಕಣದಲ್ಲೇ ಸಾಕ್ಷಿಯಿದೆ. ಮರಾಠಿ ಮಾತಾಡುವ ಬೆನೆ ಇಸ್ರಾಯೇಲ್ ಯಹೂದಿಗಳು ಹಿಂದೆ ಗಾಣದ ಎಣ್ಣೆ ತೆಗೆಯುವ ಕಸುಬಿನವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರನ್ನು 'ಶನಿವಾರ ತೇಲಿ' ಎನ್ನುತ್ತಿದ್ದರು. ಹಡಗು ಒಡೆದು ದಡ ಸೇರಿದ ಪೂರ್ವಿಕರ ಪುಸ್ತಕಗಳೆಲ್ಲ ಕಡಲುಪಾಲಾದವು ಎಂಬುದು ಅವರ ಪರಂಪರೆಯ ಕಥೆ. ಹೀಬ್ರೂ ಭಾಷೆ ಮರೆತುಹೋಯಿತು, ಶೆಮಾದ ಮೊದಲ ಸಾಲು ಉಳಿಯಿತು. ಮದುವೆಯಿರಲಿ ಸಾವಿರಲಿ, ಅವರು ಹೇಳುತ್ತಿದ್ದುದು ಅದೊಂದನ್ನೇ. ಈ ಸಮುದಾಯದ ಸ್ಯಾಮ್ಯುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದಾಗ ಟಿಪ್ಪುವಿನ ಸೆರೆಯಾಳಾಗಿದ್ದವರು. ಬಿಡುಗಡೆಯಾದ ಮೇಲೆ 1796ರಲ್ಲಿ ಮುಂಬೈಯಲ್ಲಿ ಸಮುದಾಯದ ಮೊದಲ ಸಿನಗಾಗ್ ಕಟ್ಟಿಸಿದರು.

8. ಎರಡನೆಯ ಭಾಗ: ಮಳೆ

ಧರ್ಮೋಪದೇಶಕಾಂಡ 11:13 'ಕೇಳು' ಧಾತುವನ್ನು ಎರಡು ಸಲ ಬಳಸಿ ಆರಂಭವಾಗುತ್ತದೆ. ಕನ್ನಡದಲ್ಲಿ 'ನೀವು ಕೇಳಿಯೇ ಕೇಳಿದರೆ' ಎನ್ನಬಹುದು. ಮಾತು ಕೇಳಿದರೆ ಹೊತ್ತಿಗೆ ಸರಿಯಾಗಿ ಮಳೆ, ಧಾನ್ಯ, ದ್ರಾಕ್ಷಾರಸ, ಎಣ್ಣೆ. ಅನ್ಯ ದೇವರುಗಳ ಬೆನ್ನುಹತ್ತಿದರೆ ಆಕಾಶ ಮುಚ್ಚಿಹೋಗುತ್ತದೆ.

ಇಲ್ಲಿನ 'ಯೊರೆ', 'ಮಲ್ಕೋಶ್' ಎಂಬ ಎರಡು ಮಳೆಗಳನ್ನು ಮುಂಗಾರು, ಹಿಂಗಾರು ಎಂದು ಓದಿದಾಗ ನಮ್ಮ ಜೂನ್ ತಿಂಗಳು ಕಣ್ಣಮುಂದೆ ಬರುತ್ತದೆ. ಅಲ್ಲಿ ಜೂನ್ ಎಂದರೆ ಒಣಬೇಸಿಗೆ. ಯೊರೆ ಬೀಳುವುದು ಅಕ್ಟೋಬರ್–ನವೆಂಬರಿನಲ್ಲಿ, ಬಿತ್ತನೆಗೆ. ಮಲ್ಕೋಶ್ ಮಾರ್ಚ್–ಏಪ್ರಿಲಿನಲ್ಲಿ, ಕಾಳು ತುಂಬುವಾಗ. ಬೇಸಿಗೆಯಿಡೀ ಒಂದು ಹನಿಯೂ ಇಲ್ಲದೆ ಕಾಯುವ ರೈತನನ್ನು ನೆನೆದು ಓದಿದರೆ ಈ ಭಾಗದ ಭಯವೂ ಆಸೆಯೂ ತಿಳಿಯುತ್ತವೆ.

'ಒಳ್ಳೆಯವರ ಹೊಲವೂ ಒಣಗುತ್ತದಲ್ಲ?' ಎಂಬ ಪ್ರಶ್ನೆ ನಿಮಗೆ ಬಂದರೆ ಅದು ಯಹೂದಿಗಳಿಗೂ ಬಂದಿದೆ. ಸುಧಾರಣಾ ಪಂಥದ ಹಲವು ಸಿದ್ದೂರ್‌ಗಳು ಇದೇ ಕಾರಣಕ್ಕೆ ಈ ಭಾಗವನ್ನು ಕೈಬಿಟ್ಟವು. ಸಂಪ್ರದಾಯಸ್ಥರು ಇಂದಿಗೂ ಪೂರ್ತಿ ಹೇಳುತ್ತಾರೆ. ಮೂರನೆಯ ಹೆಜ್ಜೆಯಲ್ಲಿ ಗುರುತು ಹಾಕಿದ 'ನೀವು' ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಳೆ ಒಬ್ಬನ ಹೊಲಕ್ಕೆ ಮಾತ್ರ ಬೀಳುವುದಿಲ್ಲ. ಇಲ್ಲಿ ಮಾತು ಇಡೀ ಊರಿನ ನಡತೆಯ ಬಗ್ಗೆ.

9. ಮೂರನೆಯ ಭಾಗ: ಬಟ್ಟೆಯ ಅಂಚು

ಅರಣ್ಯಕಾಂಡದ ಭಾಗ ಚಿಕ್ಕದು. ಉಡುಪಿನ ನಾಲ್ಕು ಮೂಲೆಗಳಿಗೆ ಗೊಂಡೆ ಕಟ್ಟಿಕೊಳ್ಳಿ, ಕಂಡಾಗ ಆಜ್ಞೆಗಳು ನೆನಪಾಗಲಿ, ಕಣ್ಣು ಮನಸ್ಸು ಎಳೆದ ಕಡೆಗೆಲ್ಲ ಹೋಗಬೇಡಿ ಎನ್ನುತ್ತದೆ. ಗೊಂಡೆಗೆ 'ತ್ಸಿತ್ಸಿತ್' ಎಂದು ಹೆಸರು. ಅದರಲ್ಲಿ ನೀಲಿ ದಾರವೂ ಇರಬೇಕು. ಆ ಬಣ್ಣ ತೆಗೆಯುವ ವಿದ್ಯೆ ಶತಮಾನಗಳ ಕಾಲ ಮರೆತುಹೋಗಿದ್ದುದರಿಂದ ಹೆಚ್ಚಿನವರ ಗೊಂಡೆ ಬರೀ ಬಿಳಿ. ಬೆಳಗಿನ ಪಠಣದಲ್ಲಿ ನಾಲ್ಕೂ ಗೊಂಡೆಗಳನ್ನು ಒಟ್ಟಿಗೆ ಹಿಡಿದು, 'ತ್ಸಿತ್ಸಿತ್' ಎಂಬ ಪದ ಬಂದಾಗಲೆಲ್ಲ ಮುತ್ತಿಡುವವರನ್ನು ನೋಡಬಹುದು. ಈಜಿಪ್ಟಿನಿಂದ ಬಿಡಿಸಿ ತಂದ ದೇವರು ನಾನೇ ಎಂಬಲ್ಲಿಗೆ ಮೂರನೆಯ ಭಾಗ ಮುಗಿಯುತ್ತದೆ.

10. ಮನೆಯಲ್ಲಿ ಕಣ್ಣಿಗೆ ಬೀಳುವುದನ್ನು ಈ ಮಾತುಗಳೊಡನೆ ಜೋಡಿಸಿ

ಬಾಗಿಲ ಚೌಕಟ್ಟಿನ ಬಲಗಡೆ ಒಂದು ಕಿರಿದಾದ ಡಬ್ಬಿಯಿರುತ್ತದೆ. ಅದು ಮೆಝುಝಾ. ಒಳಗೆ ಶೆಮಾದ ಮೊದಲ ಎರಡು ಭಾಗಗಳನ್ನು 22 ಸಾಲುಗಳಲ್ಲಿ ಕೈಯಿಂದ ಬರೆದ ಚರ್ಮದ ಹಾಳೆಯ ಸುರುಳಿ ಇರುತ್ತದೆ. 'ಬಾಗಿಲ ನಿಲುವುಗಳ ಮೇಲೆ ಬರೆ' ಎಂಬ ವಚನ ಹೀಗೆ ಆಚರಣೆಗೆ ಬಂದಿದೆ. ಒಂದು ಅಕ್ಷರ ಅಳಿಸಿದರೂ ಅದು ಸಲ್ಲುವುದಿಲ್ಲ. ಗೋಡೆ ತೊಳೆಯುವಾಗ ನೀರು ತಾಗಿಸಬೇಡಿ, ಬಣ್ಣ ಬಳಿಯುವವರಿಗೂ ಹೇಳಿ. ಕಳಚಿ ಬಿದ್ದರೆ ಕಸಕ್ಕೆ ಹಾಕದೆ ಮನೆಯವರ ಕೈಗೆ ಕೊಡಿ. ಹಾಳಾದ ಹಾಳೆಯನ್ನೂ ಅವರು ಎಸೆಯುವುದಿಲ್ಲ, ಮಣ್ಣು ಮಾಡುತ್ತಾರೆ.

ಬೆಳಗಿನ ಪ್ರಾರ್ಥನೆಗೆ ತೋಳಿಗೂ ಹಣೆಯ ಮೇಲಕ್ಕೂ ಕಟ್ಟಿಕೊಳ್ಳುವ ಚರ್ಮದ ಕಪ್ಪು ಪೆಟ್ಟಿಗೆಗಳು ತೆಫಿಲ್ಲಿನ್. ಅವುಗಳೊಳಗಿನ ನಾಲ್ಕು ಪಾಠಗಳಲ್ಲಿ ಎರಡು ಶೆಮಾದವು.

ಹೊತ್ತಿನ ವಿಷಯ: ಮಿಷ್ನಾ ಗ್ರಂಥ ಆರಂಭವಾಗುವುದೇ 'ಸಂಜೆಯ ಶೆಮಾ ಯಾವಾಗಿನಿಂದ ಹೇಳಬಹುದು?' ಎಂಬ ಪ್ರಶ್ನೆಯಿಂದ. ರೂಢಿಯಲ್ಲಿ ಮೂರು ನಕ್ಷತ್ರ ಕಂಡ ಮೇಲೆ. ಬೆಳಿಗ್ಗೆ ನೀಲಿ ದಾರಕ್ಕೂ ಬಿಳಿ ದಾರಕ್ಕೂ ವ್ಯತ್ಯಾಸ ಕಾಣುವಷ್ಟು ಬೆಳಕಾದ ಮೇಲೆ ಎಂದು ಮಿಷ್ನಾ. ಹಗಲನ್ನು ಹನ್ನೆರಡು ಪಾಲು ಮಾಡಿದರೆ ಮೂರನೆಯ ಪಾಲು ಮುಗಿಯುವುದರೊಳಗೆ ಹೇಳಬೇಕು. ಹಾಸಿಗೆಯ ಪಕ್ಕದಲ್ಲಿ ಹೇಳುವುದು ಇದಲ್ಲದೆ ಇನ್ನೊಂದು.

11. ಅವರು ಕಣ್ಣು ಮುಚ್ಚಿಕೊಂಡಾಗ

ಅಂಗೈ ಕಣ್ಣ ಮೇಲಿರುವುದು ಮೊದಲ ಸಾಲಿನಷ್ಟು ಹೊತ್ತು. ಕಣ್ಣಿಗೆ ಬೇರೇನೂ ಬೀಳದೆ ಆರು ಪದಗಳ ಮೇಲೆ ಮನಸ್ಸು ನಿಲ್ಲಲಿ ಎಂದು. ಮಿಷ್ನಾ ಸಂಗ್ರಹಿಸಿದ ರಬ್ಬಿ ಯೆಹೂದಾ ಹೀಗೆ ಮಾಡುತ್ತಿದ್ದರೆಂದು ತಾಲ್ಮುದಿನಲ್ಲಿದೆ. ಆಗ ಅವರನ್ನು ಮಾತಾಡಿಸಬೇಡಿ, ಮಾತ್ರೆ ಹಿಡಿದು ಎದುರು ನಿಲ್ಲಬೇಡಿ, ಮೊಬೈಲ್ ಸದ್ದು ಕಡಿಮೆ ಮಾಡಿ. ನೀವೂ ಕೈಜೋಡಿಸಬೇಕೆಂದೇನಿಲ್ಲ. ಸುಮ್ಮನೆ ನಿಂತರೆ ಸಾಕು.

ಹಾಸಿಗೆ ಹಿಡಿದವರನ್ನು, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರು ಮನೆಯವರನ್ನು ಕೇಳಿ, ಮೊದಲ ಸಾಲನ್ನು ಕನ್ನಡ ಲಿಪಿಯಲ್ಲಿ ಒಂದು ಚೀಟಿಯ ಮೇಲೆ ಬರೆದು ಹತ್ತಿರ ಇಟ್ಟುಕೊಳ್ಳಿ. ಎಳವೆಯಲ್ಲಿ ಕಲಿತದ್ದು ಎಲ್ಲಕ್ಕಿಂತ ಕೊನೆಗೆ ಅಳಿಸುವುದುಂಟು. ರಾತ್ರಿ ದೀಪ ಆರಿಸುವ ಮೊದಲು ಅವರ ಕೈ ತಾನಾಗಿ ಕಣ್ಣಿನ ಕಡೆಗೆ ಹೋಗಿ, ಮಾತು ಸಿಗದೆ ತಡವರಿಸಿದರೆ, ಮೆಲ್ಲಗೆ 'ಶೆಮಾ' ಎಂದು ಒಂದು ಪದ ಹೇಳಿ ನಿಲ್ಲಿಸಿ. ಉಳಿದ ಐದನ್ನು ಅವರೇ ಹೇಳಿಯಾರು.